ಹಗ್ಗ ಹಿಡಿದವನು

"ಇದರ ಬೀಜ ತೆಗೆಸಿಬಿಡಿ ಮೇಷ್ಟ್ರೇ" ಎಂದು ದನದ ಆಸ್ಪತ್ರೆಯ ಡಾಕ್ಟರು ತಲೆ ಎತ್ತದೆ ಹೇಳಿದರು. ಅವರು ನನ್ನ ನಾಯಿಯ ಎಡಗಿವಿಯನ್ನು ಹೊಲಿಯುತ್ತಿದ್ದರು. ಆಸ್ಪತ್ರೆಯ ಆಳು ಅದರ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಿ ಮೇಜಿಗೆ ಒತ್ತಿ ಹಿಡಿದಿದ್ದ. ನಾನು ನಾಯಿಗೆ ಕಾಣುವ ಹಾಗೆ ಎದುರಿಗೆ ನಿಂತಿದ್ದೆ. ನಾನು ಕಾಣುತ್ತಿರುವವರೆಗೆ ಅದು ಒದ್ದಾಡುತ್ತಿರಲಿಲ್ಲ.

ಆ ವರ್ಷ ನಾವು ಅಲ್ಲಿಗೆ ಹೋದದ್ದು ಅದು ಮೂರನೆಯ ಸಲ. ಎಲ್ಲೋ ಒಂದು ಹೆಣ್ಣುನಾಯಿ ಬೆದೆಗೆ ಬಂದರೆ ಸಾಕು, ನನ್ನದು ಕಾಂಪೌಂಡು ಹಾರಿ ಹೊರಟುಬಿಡುತ್ತಿತ್ತು. ನಾಲ್ಕೈದು ದಿನ ಪತ್ತೆ ಇರುತ್ತಿರಲಿಲ್ಲ. ಬಂದಾಗ ಮೈಯೆಲ್ಲ ಕಚ್ಚಿಸಿಕೊಂಡು, ಕುಂಟಿಕೊಂಡು ಬರುತ್ತಿತ್ತು. ಆ ಸಲ ಕಿವಿ ಸೀಳಿತ್ತು, ತೊಡೆಯ ಗಾಯದಲ್ಲಿ ಹುಳು ಬಿದ್ದಿತ್ತು. ಡಾಕ್ಟರು ಹುಳುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ತೆಗೆದು ಟ್ರೇಗೆ ಹಾಕಿದ್ದರು. ಮುಂದಿನ ಸಲ ಕಚ್ಚುವ ನಾಯಿಗೆ ಹುಚ್ಚು ಇರಬಹುದು, ಇಲ್ಲವೇ ನಾಯಿ ಹಿಡಿಯುವ ಗಾಡಿಯವರ ಕೈಗೆ ಸಿಗಬಹುದು, ಈ ತಿರುಗಾಟ ಬಿಡಿಸದಿದ್ದರೆ ಇದು ಇನ್ನೊಂದು ವರ್ಷ ಉಳಿಯುವುದಿಲ್ಲ ಎಂದು ವಿವರಿಸಿದರು.

ನಾಯಿಗೆ ಆ ಆಪರೇಷನ್ ಮಾಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ನೀವು ಮಾಡಿದ್ದೀರಾ ಎಂದು ಕೇಳಿದೆ. ದೊಡ್ಡ ಮನೆಯವರ ಎರಡು ನಾಯಿಗಳಿಗೆ ಮಾಡಿದ್ದೇನೆ, ಬೀದಿ ನಾಯಿಯ ಬಗ್ಗೆ ಇಷ್ಟು ಕೇಳುತ್ತಿರುವವರು ನೀವೇ ಮೊದಲು ಎಂದರು.

"ಆ ಎರಡೂ ಉಳಿದುವಾ?"

"ಒಂದು ಉಳೀತು."

"ಇನ್ನೊಂದು?"

"ಅದಕ್ಕೆ ವಯಸ್ಸಾಗಿತ್ತು ಮೇಷ್ಟ್ರೇ" ಎಂದು ದಾರ ಕತ್ತರಿಸಿದರು.

ಐವತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ನಾನು ಆಗ ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರಲ್ಲಿ ನಾನೇ ಮೊದಲನೆಯವನು. ಉಚಿತ ಹಾಸ್ಟೆಲಿನಲ್ಲಿ ಉಂಡು, ಗಣಿತದಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಕಟ್ಟಿ, ಬಿ.ಎಸ್ಸಿ. ಮುಗಿಸಿದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಡಿಗ್ರಿ ಕೈಗೆ ಬಂದ ದಿನದಿಂದ ನಾನು ಎರಡು ಕಡೆಯೂ ನೆಂಟನಾದೆ. ಊರಿಗೆ ಹೋದರೆ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸುತ್ತಿದ್ದರು. ಅಲ್ಲಿಯವರೆಗೆ "ಏನ್ಲಾ" ಎನ್ನುತ್ತಿದ್ದ ಅಪ್ಪ "ಏನಪ್ಪ" ಎನ್ನತೊಡಗಿದ. ಕಾಲೇಜಿನಲ್ಲಿ ಉಪನ್ಯಾಸಕರು ತಮ್ಮ ತಂದೆ, ತಾತ ಓದಿದ ಕಾಲೇಜುಗಳ ಮಾತಾಡುತ್ತ ಒಟ್ಟಿಗೆ ಕೂತು ತಿಂಡಿ ತಿನ್ನುತ್ತಿದ್ದರು. ಯಾರೂ ನನ್ನನ್ನು ಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ನಾನು ಲ್ಯಾಬಿನ ಒಳಗಿನ ಸಣ್ಣ ಕೋಣೆಯಲ್ಲಿ ಬಾಟಲಿಗಳ ಬೀರುವಿನ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದೆ.

ಇದ್ದದ್ದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ದೊಡ್ಡ ಮನೆಯ ಹಿಂದೆ ಒಂದು ಕೋಣೆ, ಒಂದು ಬಚ್ಚಲು. ಮನೆಯ ಒಡತಿ ಕ್ರೈಸ್ತರ ಹೆಂಗಸು, ನರ್ಸ್ ಕೆಲಸದಿಂದ ನಿವೃತ್ತರಾದವರು, ಗಂಡ ತೀರಿಕೊಂಡಿದ್ದರು. ಹಿತ್ತಿಲ ತುಂಬ ಕೋಳಿ ಸಾಕಿದ್ದರು. ಅವರನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ನಾಯಿ ಬಂದದ್ದೂ ಆ ಕೋಳಿಗಳ ದೆಸೆಯಿಂದ. ಒಂದು ಬೆಳಿಗ್ಗೆ, ಕೋಳಿಗೂಡಿನ ಹತ್ತಿರ ಯಾವುದೋ ಮರಿನಾಯಿ ಸುಳಿದಾಡುತ್ತಿದೆ, ಓಡಿಸಿ ಬಾ ಎಂದರು. ಕಲ್ಲು ಹಿಡಿದು ರೈಲು ಹಳಿಯವರೆಗೂ ಅಟ್ಟಿಸಿಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ಅದು ನನಗಿಂತ ಮುಂಚೆ ಬಂದು ನನ್ನ ಬಾಗಿಲಲ್ಲಿ ಕೂತಿತ್ತು. ಅಮ್ಮ ಅದನ್ನೂ ನನ್ನನ್ನೂ ನೋಡಿ, "ಓಡಿಸಿದ್ದು ಯಾರು, ಓಡಿದ್ದು ಯಾರು?" ಎಂದು ಕೇಳಿದ್ದರು.

ನಾನು ಅದಕ್ಕೆ ಹೆಸರಿಡಲಿಲ್ಲ. ನಮ್ಮೂರಲ್ಲಿ ಎತ್ತಿಗೆ ಹೆಸರಿಡುತ್ತಾರೆ, ನಾಯಿಗೆ ಇಡುವುದಿಲ್ಲ. ಇಬ್ಬರೇ ಇರುವ ಕೋಣೆಯಲ್ಲಿ ಹೆಸರಿನ ಅಗತ್ಯವೂ ಬೀಳಲಿಲ್ಲ. ಸಂಜೆ ನನ್ನ ಸೈಕಲ್ಲಿನ ಚೈನ್ ಕವರು ಬಡಿದುಕೊಳ್ಳುವ ಸದ್ದು ತಿರುವಿನಲ್ಲಿ ಕೇಳುತ್ತಲೇ ಅದು ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ನಿಂತಿರುತ್ತಿತ್ತು. ಬೀಗ ತೆಗೆದು, ಸ್ಟವ್ ಹಚ್ಚಿ, ಅನ್ನಕ್ಕಿಟ್ಟು, ಆ ದಿನ ಯಾವ ಹುಡುಗ ಪಿಪೆಟ್ ಒಡೆದ, ಯಾವ ಉಪನ್ಯಾಸಕ ನನ್ನನ್ನು ಅಟೆಂಡರ್ ಎಂದು ತಿಳಿದು ನೀರು ಕೇಳಿದ, ಎಲ್ಲವನ್ನೂ ಅದಕ್ಕೆ ಹೇಳುತ್ತಿದ್ದೆ. ಆ ಊರಿನಲ್ಲಿ ನಾನು ಬರುವುದನ್ನು ಕಾಯುತ್ತಿದ್ದ ಜೀವ ಅದೊಂದೇ. ಅದನ್ನು ಕಳೆದುಕೊಳ್ಳುವ ಎರಡು ದಾರಿಗಳಲ್ಲಿ ಒಂದನ್ನು ಆರಿಸು ಎಂದು ಡಾಕ್ಟರು ಹೇಳಿದ ಹಾಗಿತ್ತು. ಸುಮ್ಮನಿದ್ದರೆ ಬೀದಿಯಲ್ಲಿ ಸಾಯುತ್ತದೆ. ಒಪ್ಪಿಕೊಂಡರೆ ಮೇಜಿನ ಮೇಲೆ ಸಾಯಬಹುದು.

ಬೇರೆಯವರಾಗಿದ್ದರೆ ಡಾಕ್ಟರ ಮಾತು ನಂಬಿ ಧೈರ್ಯ ತಂದುಕೊಳ್ಳುತ್ತಿದ್ದರೋ ಏನೋ. ನನಗೆ ಓದಿದ್ದೇ ಅಡ್ಡ ಬಂತು. ಅವರು ಬಳಸುವುದು ಕ್ಲೋರೋಫಾರ್ಮ್. ಅದು ನನ್ನ ಬೀರುವಿನ ಮೇಲಿನ ಗೂಡಿನಲ್ಲೇ ಕಂದು ಬಣ್ಣದ ಬಾಟಲಿಯಲ್ಲಿತ್ತು. ಬೆಳಕು ಬಿದ್ದರೆ ಅದು ನಿಧಾನವಾಗಿ ವಿಷಗಾಳಿಯಾಗಿ ಒಡೆಯುತ್ತದೆ. ಅದಕ್ಕೇ ಕಂದು ಬಾಟಲಿ. ಶುದ್ಧವಾಗಿದ್ದರೂ ಒಂದು ಹನಿ ಹೆಚ್ಚಾದರೆ ಹೃದಯ ನಿಲ್ಲಿಸುತ್ತದೆ. ವರ್ಷವರ್ಷವೂ ಇದನ್ನು ನಾನೇ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಮರುವಾರ ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರನ್ನು ನಿಮ್ಮ ಬಾಟಲಿ ಯಾವ ಬಣ್ಣದ್ದು, ತೆರೆದು ಎಷ್ಟು ದಿನವಾಯಿತು, ಯಾವ ಕಡೆಯ ಕಿಟಕಿಯ ಹತ್ತಿರ ಇಟ್ಟಿದ್ದೀರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಲ್ಲಿಯವರೆಗೆ ತಮ್ಮ ಬಾಟಲಿಯ ಜಾತಕ ಯಾರೂ ಕೇಳಿರಲಿಲ್ಲ ಎಂದರು. ಕೇಳಿದ್ದಕ್ಕೆ ಕೋಪಿಸಿಕೊಳ್ಳಲಿಲ್ಲ, ಬಾಟಲಿ ತಂದು ತೋರಿಸಿದರು. ಕಂದು ಬಣ್ಣದ್ದೇ. ಅದನ್ನು ನೋಡಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಅಲ್ಲಿಯವರೆಗೆ ಬೇಡ ಎನ್ನಲು ಬಾಟಲಿಯ ನೆಪವಾದರೂ ಇತ್ತು.

ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕರೊಬ್ಬರನ್ನು ಕೇಳಿದೆ. ತಾವು ಕಪ್ಪೆಯನ್ನು ಕೊಯ್ದದ್ದೇ ಹೊರತು ಯಾವ ಕಪ್ಪೆಯನ್ನೂ ತಿರುಗಿ ಎಬ್ಬಿಸಿಲ್ಲ ಎಂದು ನಕ್ಕರು. ಅಮ್ಮನನ್ನು ಕೇಳಿದೆ. ಆಸ್ಪತ್ರೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟ ನೂರಾರು ಜನರ ನಾಡಿ ಹಿಡಿದು ಕೂತವರು ಅವರು. "ಮಾಡಿಸು ಕಣಪ್ಪ, ಎದ್ದೇಳ್ತದೆ" ಎಂದು ಕೋಳಿಗೆ ಕಾಳು ಎರಚುತ್ತಲೇ ಹೇಳಿದರು. ಎಲ್ಲರೂ ಎದ್ದಿದ್ದಾರಾ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಕೊನೆಗೆ ಒಂದು ಭಾನುವಾರ ಊರಿಗೆ ಹೋದೆ. ನಂಜನಗೂಡು ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ಅಪ್ಪ ಕೊಟ್ಟಿಗೆಯಲ್ಲಿ ನೊಗಕ್ಕೆ ಕಟ್ಟುವ ಮಿಣಿ ಹಗ್ಗ ಹೊಸೆಯುತ್ತಿದ್ದ. ಅವನ ಜೀವಮಾನದಲ್ಲಿ ಎಷ್ಟು ಹೋರಿಗಳಿಗೆ ಬೀಜ ಒಡೆಸಿದ್ದನೋ ಲೆಕ್ಕವಿಲ್ಲ. ಚಿಕ್ಕವನಿದ್ದಾಗ ನಾನೂ ನೋಡಿದ್ದೆ. ಹೋರಿಯನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಜನ ಮೇಲೆ ಬಿದ್ದು ಹಿಡಿದು, ಬೀಜದ ನರವನ್ನು ಎರಡು ಮರದ ಕೋಲುಗಳ ನಡುವೆ ಸಿಕ್ಕಿಸಿ ನುಲಿಯುತ್ತಿದ್ದರು. ಆ ಕೂಗು ಕೇಳಬಾರದೆಂದು ನಾನು ಕಣಜದ ಹಿಂದೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆಗೆಲ್ಲ ಅಪ್ಪ ಎಲ್ಲಿರುತ್ತಿದ್ದ ಎಂಬುದು ಮಾತ್ರ ನೆನಪಿರಲಿಲ್ಲ.

ನಾಯಿಯ ವಿಷಯ ಹೇಳಿದಾಗ ಅಪ್ಪ ಮೊದಲು ನಕ್ಕ. ಪಟ್ಟಣದಲ್ಲಿ ನಾಯಿಯನ್ನೂ ನೊಗಕ್ಕೆ ಕಟ್ಟುತ್ತಾರಾ ಎಂದು ಕೇಳಿದ. ನಾನು ನಗದೇ ಇದ್ದದ್ದು ನೋಡಿ ಮಿಣಿ ಪಕ್ಕಕ್ಕಿಟ್ಟ. ಒಡೆಸದ ಹೋರಿ ಕಂಡೋರ ಹೊಲಕ್ಕೆಲ್ಲ ನುಗ್ಗುತ್ತದೆ, ಯಾರೋ ಒಬ್ಬ ಕಾಲು ಮುರಿಯುತ್ತಾನೆ, ಉಳಿಯಬೇಕೆಂದರೆ ಒಡೆಸಲೇಬೇಕು, ನಾಯಿಯಾದರೂ ಅಷ್ಟೇ ಎಂದ. ಆಮೇಲೆ ಡಿಗ್ರಿಯ ಮರ್ಯಾದೆಯನ್ನೆಲ್ಲ ಮರೆತು ಹಳೆಯ ದನಿಯಲ್ಲಿ ಹೇಳಿದ:

"ಆದ್ರೆ ಸಾಕ್ದೋನು ಹಗ್ಗ ಹಿಡೀಬಾರ್ದು ಕಣ್ಲಾ. ಇನ್ಯಾರ ಕೈಲಾದ್ರೂ ಹಿಡ್ಸು, ನೀ ಎದ್ರುಗೂ ನಿಲ್ಬ್ಯಾಡ. ನೋವಾದಾಗ ಯಾರ ಮಕ ಕಾಣ್ತದೋ, ಆ ಮಕಾನ ಅದು ಸಾಯೋಗಂಟ ಮರೆಯಕಿಲ್ಲ."

ಆಗ ತಿಳಿಯಿತು, ಆ ಹೊತ್ತಿನಲ್ಲೆಲ್ಲ ಅಪ್ಪ ಯಾಕೆ ಕಾಣುತ್ತಿರಲಿಲ್ಲ ಎಂದು. ಪಕ್ಕದ ಮನೆಯವರು ನಮ್ಮ ಹೋರಿಯನ್ನು ಹಿಡಿಯುತ್ತಿದ್ದರು, ಅಪ್ಪ ಅವರ ಹೋರಿಯನ್ನು ಹಿಡಿಯುತ್ತಿದ್ದ. ನಮ್ಮ ತಾತ ಒಮ್ಮೆ ಹಟಕ್ಕೆ ತಾನೇ ಹಿಡಿದನಂತೆ. ಆ ಎತ್ತು ಎಂಟು ವರ್ಷ ಗೇದರೂ ಒಂದು ದಿನವೂ ಅವನ ಕೈಯಿಂದ ಹುಲ್ಲು ತಿನ್ನಲಿಲ್ಲವಂತೆ.

ಬಸ್ಸಿನಲ್ಲಿ ಬರುತ್ತಾ ನನ್ನ ಮೇಲೆ ನನಗೇ ನಗು ಬಂತು. ವಿಜ್ಞಾನದ ಪದವೀಧರ, ಎತ್ತಿನ ನೆನಪಿನ ಕಥೆ ಕೇಳಿಕೊಂಡು ಬರುತ್ತಿದ್ದೇನೆ ಎನಿಸಿತು. ಆಪರೇಷನ್ ಮಾಡಿಸುವುದು ಎಂದು ಆ ದಿನ ನಿರ್ಧಾರ ಮಾಡಿದೆ. ಮಾರನೆಯ ದಿನವೇ ಹೋಗಿ ದಿನ ಗೊತ್ತು ಮಾಡಿದೆ. ಹಿಂದಿನ ಸಂಜೆಯಿಂದ ಹೊಟ್ಟೆಗೆ ಏನೂ ಕೊಡಬಾರದು, ಬೆಳಿಗ್ಗೆ ಒಂಬತ್ತಕ್ಕೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು.

ಆ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಅಮ್ಮನ ಜಗಲಿಯಲ್ಲಿ ನಿಂತು, ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇದೆ, ರಜ ಸಿಗಲಿಲ್ಲ, ನಾಯಿಯನ್ನು ನೀವೇ ಜಟಕಾದಲ್ಲಿ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಪರೀಕ್ಷೆ ಯಾವುದೂ ಇರಲಿಲ್ಲ. ರಜವನ್ನು ನಾನು ಕೇಳಿಯೇ ಇರಲಿಲ್ಲ. ಅಮ್ಮ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹಗ್ಗ ತೆಗೆದುಕೊಂಡರು. ನಾಯಿ ಜಟಕಾ ಹತ್ತಿ, ಹಿಂದೆ ನಾನೂ ಹತ್ತುತ್ತೇನೆಂದು ಪಕ್ಕದಲ್ಲಿ ಜಾಗ ಬಿಟ್ಟು ಕೂತಿತು. ನಾನು ಸೈಕಲ್ ತಿರುಗಿಸಿಕೊಂಡು ಬೇರೆ ರಸ್ತೆಯಲ್ಲಿ ಹೊರಟುಬಿಟ್ಟೆ.

ಲ್ಯಾಬಿನಲ್ಲಿ ಆ ದಿನ ಹುಡುಗರಿಗೆ ಆಸಿಡ್ ಎಂದು ಅಲ್ಕಲಿಯ ಬಾಟಲಿ ಕೊಟ್ಟೆ. ಒಂದು ತರಗತಿ ಪೂರ್ತಿ ತಪ್ಪು ರೀಡಿಂಗು ಬರೆದುಕೊಂಡಿತು. ಮಧ್ಯಾಹ್ನಕ್ಕೆ ಮುಂಚೆ ಅಟೆಂಡರ್ ಬಂದು ಗೇಟಿನಲ್ಲಿ ಯಾರೋ ಹೆಂಗಸು ಕಾಯುತ್ತಿದ್ದಾರೆ ಎಂದ. ಅಮ್ಮ ಜಟಕಾದಲ್ಲೇ ಕೂತಿದ್ದರು. ಕೈಯಲ್ಲಿ ತುಂಡಾದ ಹಗ್ಗವಿತ್ತು. ಮೊಣಕೈ ತರಚಿತ್ತು. ನಾಯಿ ಇರಲಿಲ್ಲ.

ಆದದ್ದನ್ನು ಅವರು ನಿಧಾನವಾಗಿ ಹೇಳಿದರು. ಮೇಜಿನ ಮೇಲೆ ಹತ್ತಿಸುವವರೆಗೂ ಅದು ಸುಮ್ಮನಿತ್ತು. ಕ್ಲೋರೋಫಾರ್ಮಿನ ಹತ್ತಿಯ ವಾಸನೆ ಮೂಗಿಗೆ ಬರುತ್ತಲೇ ಹುಚ್ಚು ಹಿಡಿದ ಹಾಗೆ ಆಡಿತು. ಆಸ್ಪತ್ರೆಯ ಆಳಿನ ಕೈ ಕಚ್ಚಿ, ಹಗ್ಗ ಕಿತ್ತುಕೊಂಡು, ಇವರನ್ನು ಬೀಳಿಸಿ, ಕಿಟಕಿಯಿಂದ ಹಾರಿತು.

"ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ ಕಣಪ್ಪ" ಎಂದರು. "ಅದು ನನ್ನ ಕಡೆ ನೋಡ್ಲೇ ಇಲ್ಲ. ಬಾಗಿಲನ್ನೇ ನೋಡ್ತಿತ್ತು. ನೀನು ಬರ್ತೀಯ ಅಂತ."

ಪರೀಕ್ಷೆ ಹೇಗಾಯಿತು ಎಂದು ಅವರು ಕೇಳಲಿಲ್ಲ. ಹಗ್ಗದ ತುಂಡನ್ನು ನನ್ನ ಕೈಗಿಟ್ಟು ಜಟಕಾದವನಿಗೆ ಹೊರಡು ಎಂದರು.

ಎರಡು ದಿನ ಹುಡುಕಿದೆ. ಈಗ ನಿಜವಾಗಿಯೂ ರಜ ಹಾಕಿದೆ. ಹೆಸರಿಲ್ಲದ ನಾಯಿಯನ್ನು ಬೀದಿಯಲ್ಲಿ ಏನೆಂದು ಕೂಗುವುದು? ಬಾರೋ ಎಂದರೆ ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಸುಮ್ಮನೆ ಸೈಕಲ್ ತುಳಿಯುತ್ತ ಹೋದೆ. ಚೈನ್ ಕವರು ಬಡಿದುಕೊಳ್ಳಲಿ ಎಂದು ಕಲ್ಲು ಗುಂಡಿ ಇದ್ದ ಕಡೆಯೇ ಹೋದೆ. ಆ ಎರಡು ದಿನಗಳಲ್ಲಿ ಮೈಸೂರನ್ನು ನಾನು ಓದಲು ಬಂದಾಗಿನಿಂದ ನೋಡಿದ್ದಕ್ಕಿಂತ ಹೆಚ್ಚು ನೋಡಿದೆ. ನಾಯಿ ಕಂಡಿರಾ ಎಂದು ಕೇಳಿದವರಲ್ಲಿ ಹೆಚ್ಚಿನವರು ಯಾವ ನಾಯಿ ಎಂದು ಕೇಳಿದರು. ಕಂದು ಬಣ್ಣ, ಎಡಗಿವಿ ಸೀಳಿದೆ ಎಂದರೆ ಅಂಥವು ಬೇಕಾದಷ್ಟಿವೆ, ಒಂದನ್ನು ಹಿಡಿದುಕೊಂಡು ಹೋಗಿ ಎಂದು ಒಬ್ಬ ಅಂಗಡಿಯವನು ಹೇಳಿದ. ಮಧ್ಯಾಹ್ನ ಕೋಣೆಗೆ ಬಂದು ಸ್ಟವ್ ಹಚ್ಚುವ ಮನಸ್ಸಾಗದೆ ಹಾಗೇ ಹೊರಟೆ. ಬೀಗ ಹಾಕುವಾಗ ಯಾರಿಗಾಗಿ ಹಾಕುತ್ತಿದ್ದೇನೆ ಎನಿಸಿತು.

ಮೂರನೆಯ ದಿನ ಬೆಳಿಗ್ಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಅದು ಸಿಕ್ಕಿತು. ಐದಾರು ಗಂಡುನಾಯಿಗಳು ಒಂದು ಬಡಕಲು ಹೆಣ್ಣನ್ನು ಸುತ್ತಿಕೊಂಡಿದ್ದವು. ನನ್ನದು ಆ ಗುಂಪಿನ ಅಂಚಿನಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಮಲಗಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ತೊಡೆಯ ಹಳೆಯ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಸೈಕಲ್ ಸದ್ದಿಗೆ ತಲೆ ಎತ್ತಿತು. ಎದ್ದು ಬರಲು ನೋಡಿತು, ಹಿಂಗಾಲು ಬರಲಿಲ್ಲ. ಆದರೂ ಬಾಲ ಗೋಣಿಯ ಮೇಲೆ ಬಡಿಯುತ್ತಲೇ ಇತ್ತು. ಹೀಗೆ ಕೈಬಿಟ್ಟು ಹೋದವನನ್ನು ಅದು ಇನ್ನೂ ತನ್ನವನೆಂದೇ ತಿಳಿದಿತ್ತು.

ಸಗಟು ಅಂಗಡಿಯ ಹಮಾಲಿಗಳಲ್ಲೊಬ್ಬರು ಅದನ್ನು ಎತ್ತಿ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಸಮೇತ ಕಟ್ಟಿಕೊಟ್ಟರು. ತಳ್ಳಿಕೊಂಡು ನೇರ ಆಸ್ಪತ್ರೆಗೆ ಹೋದೆ. ಡಾಕ್ಟರು ಕಣ್ಣು ತೊಳೆದು, ಗಾಯ ಕಟ್ಟಿ, ಹತ್ತು ದಿನ ಚೆನ್ನಾಗಿ ನೋಡಿಕೊಂಡು ತನ್ನಿ, ಈ ಸಲ ನೀವಿಲ್ಲದಿದ್ದರೆ ನಾನು ಮುಟ್ಟುವುದಿಲ್ಲ ಎಂದರು. ಆಳು ಕೈಗೆ ಬ್ಯಾಂಡೇಜು ಸುತ್ತಿಕೊಂಡು ದೂರದಲ್ಲಿ ನಿಂತಿದ್ದ. ಅವನನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಆ ಕಚ್ಚು ನನಗೆ ಬೀಳಬೇಕಾಗಿದ್ದದ್ದು.

ಆ ಹತ್ತು ದಿನ ಅಪ್ಪನ ಮಾತು ನನ್ನನ್ನು ಬಿಡಲಿಲ್ಲ. ನಾಯಿ ಸಾಯುತ್ತದೆಂಬ ಭಯ ಒಂದಾಗಿತ್ತು, ಈಗ ಎರಡಾಯಿತು. ಉಳಿದೂ ನನ್ನನ್ನು ದೂರ ಮಾಡಿದರೆ? ಮೊದಲನೆಯ ಭಯವನ್ನು ಯಾರಿಗಾದರೂ ಹೇಳಬಹುದಿತ್ತು. ಎರಡನೆಯದನ್ನು ಹೇಳಿದರೆ ಲ್ಯಾಬಿನ ಹುಡುಗರೂ ನಗುತ್ತಿದ್ದರು. ಸಂಜೆ ಅದರ ಕಣ್ಣಿಗೆ ಔಷಧಿ ಬಿಡುವಾಗ ಅದು ತಾನಾಗಿ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಅಲ್ಲಾಡದೆ ಇರುತ್ತಿತ್ತು. ಇದನ್ನು ಕೊಟ್ಟು ಅದರ ಜೀವ ಕೊಂಡುಕೊಳ್ಳಬೇಕು, ಬೇರೆ ದಾರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟು ಸಲವೂ ಮನಸ್ಸು ಒಪ್ಪಲಿಲ್ಲ.

ಹೋದೆವು. ನಡೆದುಕೊಂಡೇ ಹೋದೆವು. ಮೇಜಿನ ಮೇಲೆ ನಾನೇ ಹತ್ತಿಸಿದೆ, ಕಾಲುಗಳನ್ನು ನಾನೇ ಕಟ್ಟಿದೆ, ತಲೆಯನ್ನು ಎರಡೂ ಕೈಯಲ್ಲಿ ನಾನೇ ಹಿಡಿದೆ. ಡಾಕ್ಟರು ತಗಡಿನ ಕೊಳವೆಯಲ್ಲಿ ಹತ್ತಿ ತುಂಬಿ ಅದರ ಮೂತಿಗೆ ಇಟ್ಟು ಹನಿಹನಿಯಾಗಿ ಹಾಕತೊಡಗಿದರು. ಆ ಸಿಹಿ ವಾಸನೆ ನನಗೆ ಬಹಳ ಪರಿಚಯದ್ದು. ಬೀರುವಿನ ಬಾಗಿಲು ತೆಗೆದಾಗಲೆಲ್ಲ ಬರುತ್ತಿದ್ದದ್ದು. ನಾಯಿ ಒಮ್ಮೆ ಮೈಯೆಲ್ಲ ಬಿಗಿ ಮಾಡಿ ಒದ್ದಾಡಿತು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಅದು ಬಾಗಿಲ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿತ್ತು. ಕಣ್ಣು ಮಂಜಾಗಿ ಹೊರಳಿಕೊಳ್ಳುವವರೆಗೂ ನನ್ನನ್ನೇ ನೋಡಿತು.

ಮಧ್ಯದಲ್ಲಿ ಒಮ್ಮೆ ಉಸಿರು ನಿಂತಿತು. ಡಾಕ್ಟರು ಕೊಳವೆ ಎಳೆದು ಬಿಸುಟು, ಅದರ ನಾಲಿಗೆಯನ್ನು ಹೊರಗೆಳೆದು ಹಿಡಿಯಿರಿ ಎಂದು ನನಗೆ ಹೇಳಿ, ಪಕ್ಕೆಲುಬನ್ನು ಎರಡು ಕೈಯಿಂದ ಒತ್ತಿ ಬಿಡತೊಡಗಿದರು. ಎಷ್ಟು ಹೊತ್ತೋ ತಿಳಿಯದು. ನನ್ನ ಬೆರಳುಗಳ ನಡುವೆ ಆ ನಾಲಿಗೆ ಬೆಚ್ಚಗೆ, ಒದ್ದೆಯಾಗಿ, ನೀಲಿ ತಿರುಗಿಕೊಂಡು ಜೋತುಬಿದ್ದಿತ್ತು. ಆಮೇಲೆ ಗೊರ್ ಎಂದು ಉಸಿರೆಳೆದುಕೊಂಡಿತು. ಡಾಕ್ಟರು ಹಣೆ ಒರೆಸಿಕೊಂಡು, ನೀವು ಹೊರಗೆ ಕೂರಬಹುದು ಎಂದರು. ನಾನು ಕೈ ಬಿಡಲಿಲ್ಲ. ಉಳಿದ ಕೆಲಸ ಬೇಗ ಮುಗಿಯಿತು.

ಕೋಣೆಗೆ ತಂದು ಮಲಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಚ್ಚರಾಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿತು. ತೂರಾಡುತ್ತ ಎದ್ದು, ಎರಡು ಸಲ ಬಿದ್ದು, ಮಂಚದ ಕೆಳಗೆ ಗೋಡೆಯವರೆಗೂ ತೆವಳಿಕೊಂಡು ಹೋಗಿ ಮಲಗಿತು. ಕರೆದೆ, ಬರಲಿಲ್ಲ. ಹಾಲಿಟ್ಟೆ, ಮುಟ್ಟಲಿಲ್ಲ. ಮಾರನೆಯ ದಿನ ಅಮ್ಮ ಬಂದು ಮಂಡಿಯೂರಿ ಗಂಜಿಯ ಬಟ್ಟಲು ನೂಕಿದರು. ಕುಡಿಯಿತು. ಸಂಜೆ ನಾನು ಇಟ್ಟೆ, ಮುಖ ತಿರುಗಿಸಿತು. ನೋವಿದ್ದವರೆಲ್ಲ ಹೀಗೇ, ನಾಲ್ಕು ದಿನ ಹೋಗಲಿ ಎಂದು ಅಮ್ಮ ಸಮಾಧಾನ ಹೇಳಿದರು. ನಾಲ್ಕು ದಿನ ಹೋಯಿತು. ಗಾಯ ಒಣಗಿತು. ಅಮ್ಮನ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಂಡು ಮಲಗತೊಡಗಿತು. ನಾನು ತಟ್ಟೆ ಇಟ್ಟು ನಿಂತರೆ ಮಾತ್ರ ತಟ್ಟೆಯನ್ನೂ ನನ್ನನ್ನೂ ನೋಡುತ್ತ ಕೂತುಬಿಡುತ್ತಿತ್ತು.

ಒಂದು ಸಂಜೆ ತಟ್ಟೆಯಿಟ್ಟು, ನೋಡಲಾರದೆ ಗೋಡೆಯ ಕಡೆ ತಿರುಗಿ ನನ್ನ ಅನ್ನ ಕಲಸಿಕೊಂಡೆ. ಹಿಂದೆ ನಾಲಿಗೆಯ ಸದ್ದು ಕೇಳಿತು. ತಿನ್ನುತ್ತಿತ್ತು. ನಾನು ತಿರುಗಲಿಲ್ಲ. ಅಂದಿನಿಂದ ಅದೇ ಕ್ರಮವಾಯಿತು. ತಟ್ಟೆ ಇಡುವುದು, ಗೋಡೆಗೆ ಮುಖ ಮಾಡಿ ಕೂರುವುದು, ಅದು ತಿಂದು ಹೊರಗೆ ಹೋದ ಮೇಲೆ ತಿರುಗುವುದು. ಕಾಲೇಜಿನ ಸುದ್ದಿಯನ್ನೂ ಗೋಡೆಗೇ ಹೇಳುತ್ತಿದ್ದೆ. ತಿನ್ನುವಾಗ ಅದು ಆಗಾಗ ನಿಲ್ಲಿಸುತ್ತಿತ್ತು. ನಾನು ತಿರುಗಿಬಿಡುತ್ತೇನೆಂಬ ಅನುಮಾನಕ್ಕೆ ನಿಲ್ಲಿಸುತ್ತಿದೆ ಎಂದುಕೊಂಡು ಅಲ್ಲಾಡದೆ ಇರುತ್ತಿದ್ದೆ.

ಡಾಕ್ಟರ ಮಾತು ಸುಳ್ಳಾಗಲಿಲ್ಲ. ನಾಯಿ ಮತ್ತೆ ಕಾಂಪೌಂಡು ಹಾರಲಿಲ್ಲ. ಮೈ ತುಂಬಿಕೊಂಡಿತು. ರಾತ್ರಿ ನನ್ನ ಬಾಗಿಲ ಹೊರಗೆ ಮಲಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಸೈಕಲ್ ಸದ್ದಿಗೆ ಗೇಟಿಗೆ ಓಡಿ ಬರುವುದೂ ನಿಂತಿತ್ತು. ಮಲಗಿದಲ್ಲಿಂದಲೇ ತಲೆ ಎತ್ತಿ, ಬಂದವನು ನಾನೇ ಎಂದು ಕಂಡುಕೊಂಡು, ಮತ್ತೆ ತಲೆ ಇಡುತ್ತಿತ್ತು. ಬದುಕಿದೆಯಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಅಪ್ಪ ಕೇಳಿದಾಗ ಹಗ್ಗ ಬೇರೆಯವರು ಹಿಡಿದರು ಎಂದು ಸುಳ್ಳು ಹೇಳಿದೆ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಭಾನುವಾರ ಇಗರ್ಜಿಯಿಂದ ಬಂದ ಅಮ್ಮ ಯಾವುದೋ ಔಷಧಿಯ ಚೀಟಿ ಓದಿಸಲು ನನ್ನ ಕೋಣೆಗೆ ಬಂದರು. ಅವರ ಓದುವ ಕನ್ನಡಕ ಒಡೆದುಹೋಗಿತ್ತು. ನಾನು ಊಟಕ್ಕೆ ಕೂತಿದ್ದೆ, ಗೋಡೆಯ ಕಡೆ. ಅವರು ಬಾಗಿಲಲ್ಲೇ ನಿಂತರು. ನಾನು ತಿರುಗದೆಯೇ ಸ್ವಲ್ಪ ಇರಿ ಅಮ್ಮ, ಅದು ತಿಂದುಬಿಡಲಿ ಎಂದೆ. ಯಾಕೆ ಎಂದು ಕೇಳಿದರು. ನನ್ನ ಮುಖ ಕಂಡರೆ ಅದು ತಿನ್ನುವುದಿಲ್ಲ ಎಂದೆ. ಅದು ಆಗ ನಿಲ್ಲಿಸಿತ್ತು, ಸದ್ದಿರಲಿಲ್ಲ.

ಅವರು ಬಗ್ಗಿ ನಾಯಿಯ ಕಡೆ ನೋಡಿದರು. ಆಮೇಲೆ ಹೇಳಿದರು:

"ತಿರುಗಪ್ಪ. ಅದು ತಿನ್ನೋದು ಬಿಟ್ಟು ನಿನ್ನ ಬೆನ್ನನ್ನೇ ನೋಡ್ಕೊಂಡು ಕೂತಿದೆ."

ಕೈಯಲ್ಲಿ ತುತ್ತು ಹಾಗೇ ಇತ್ತು. ತಿರುಗಿದೆ. ತಟ್ಟೆಯಲ್ಲಿ ಅರ್ಧ ಅನ್ನ ಉಳಿದಿತ್ತು. ಅದು ನನ್ನ ಮುಖ ನೋಡಿತು, ಸೀಳಿದ ಕಿವಿಯನ್ನು ಒಮ್ಮೆ ಕೊಡವಿತು, ತಲೆ ತಗ್ಗಿಸಿ ಉಳಿದದ್ದನ್ನು ತಿನ್ನತೊಡಗಿತು. ನಾನು ನೋಡುತ್ತಲೇ ಇದ್ದೆ. ತಿಂದು ಮುಗಿಸಿ ತಟ್ಟೆಯನ್ನೂ ನೆಕ್ಕಿತು.

ಎಷ್ಟು ದಿನದಿಂದ ಹೀಗೆ ಕಾಯುತ್ತಿತ್ತೋ ನನಗೆ ಗೊತ್ತಿಲ್ಲ. ಒಂದು ವಾರವೋ, ಎರಡು ವರ್ಷವೋ. ಅಮ್ಮನ ಚೀಟಿಯನ್ನು ತೆಗೆದುಕೊಂಡು ಓದಲು ನೋಡಿದೆ. ಅಕ್ಷರಗಳು ಸರಿಯಾಗಿ ಕಾಣಲಿಲ್ಲ. ಅವರು ಅವಸರ ಮಾಡಲಿಲ್ಲ.